ಫ್ಲೀಟ್ ಸಾಹೇಬರ ತಾಮ್ರಪಟ, ನಮ್ಮ ಆನ್‌ಲೈನ್ ಎಂ.ಎಸ್ಸಿ.

ಕೊನೇ ವರ್ಷ ಬಂತೆಂದರೆ ಮಹಾಂತೇಶ ನಗರದ ನಮ್ಮ ಬಾಡಿಗೆ ರೂಮುಗಳಲ್ಲಿ ಒಂದೇ ಚರ್ಚೆ. ಕೆಲಸಕ್ಕೆ ಸೇರೂದೋ, ಮುಂದೆ ಓದೂದೋ? ಎರಡೂ ಬೇಕು ಅನ್ನೋರಿಗೆ ಆನ್‌ಲೈನ್ ಸ್ನಾತಕೋತ್ತರ ಪದವಿ ಇದೆ. ಅದರಲ್ಲೂ ಮಾಹಿತಿ ಸುರಕ್ಷತೆ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಮೇಲೆ ಈಗ ಬಹಳ ಜನರ ಕಣ್ಣು. ಮನೆಯವರ ಪ್ರಶ್ನೆ ಮಾತ್ರ ಬದಲಾಗಿಲ್ಲ: ಮನೇಲಿ ಕೂತು ಲ್ಯಾಪ್‌ಟಾಪ್ ನೋಡಿ ಕಲಿತದ್ದಕ್ಕೆ ಬೆಲೆ ಇದೆಯೇನು? ಸಾಲ ಮಾಡಿ ಫೀಸು ಕಟ್ಟಬೇಕಾದವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಉತ್ತರ ಹುಡುಕುತ್ತಾ ಹೋದಾಗ ನಮಗೆ ನೆನಪಾದವರು ಜಾನ್ ಫೇಯ್ತ್‌ಫುಲ್ ಫ್ಲೀಟ್. ಸಂಗೊಳ್ಳಿ ರಾಯಣ್ಣನ ಲಾವಣಿ ಸಂಗ್ರಹಿಸಿದ ಸಾಹೇಬ ಅಂತ ನಮ್ಮ ಭಾಗದವರಿಗೆ ಅವರ ಹೆಸರು ಗೊತ್ತು. ಆದರೆ ಅವರ ಜೀವಮಾನದ ಕೆಲಸ ಬೇರೆ. ಒಂದು ದಾಖಲೆ ಅಸಲಿಯೋ ಖೊಟ್ಟಿಯೋ ಅಂತ ಪರೀಕ್ಷಿಸೋದು. ಅಂದರೆ ಕಂಪ್ಯೂಟರ್ ಇಲ್ಲದ ಕಾಲದ ಫೊರೆನ್ಸಿಕ್ಸ್!

ಫ್ಲೀಟ್ ಹುಟ್ಟಿದ್ದು 1847ರಲ್ಲಿ, ಇಂಗ್ಲೆಂಡಿನಲ್ಲಿ. ಇಂಡಿಯನ್ ಸಿವಿಲ್ ಸರ್ವೀಸ್ ಪರೀಕ್ಷೆ ಪಾಸಾಗಿ, ಇಲ್ಲಿಗೆ ಹೊರಡುವ ಮೊದಲು ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಪ್ರಾಧ್ಯಾಪಕರ ಹತ್ತಿರ ಸಂಸ್ಕೃತ ಓದಿದರು. 1867ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಬಂದಾಗ ಇಪ್ಪತ್ತು ವರ್ಷದ ಹುಡುಗ. ಸುಮಾರು ನಮ್ಮದೇ ವಯಸ್ಸು. ಕೆಲಸ ಏನು? ಕಂದಾಯ, ಮ್ಯಾಜಿಸ್ಟ್ರೇಟ್ ಕಚೇರಿ, 1872ರಲ್ಲಿ ದಕ್ಷಿಣ ವಿಭಾಗದ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ, 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜೆಂಟ್ ಹುದ್ದೆ. ಪರದೇಶಿ ಸರಕಾರದ ನೌಕರ ಅನ್ನೋದನ್ನ ನಾವು ಮರೆಯಬೇಕಿಲ್ಲ. ಆದರೆ ಇದೇ ನೌಕರಿಯ ನಡುವೆ, ಊರೂರು ಸುತ್ತುತ್ತಾ, ಅವರು ಹಳಗನ್ನಡ ಕಲಿತರು, ಶಾಸನ ಓದೋದನ್ನ ಕಲಿತರು. ಶಾಸನಶಾಸ್ತ್ರದ ಪದವಿ ಕೈಯಲ್ಲಿ ಹಿಡಿದುಕೊಂಡು ಬಂದವರಲ್ಲ. ಕೆಲಸ ಮಾಡ್ತಾನೇ ಕಲಿತವರು.

ಕಲಿಯೋಕೆ ಸಾಮಗ್ರಿ ಬೇಕಾದಷ್ಟಿತ್ತು. ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳು, ಐಹೊಳೆಯ ಮೇಗುತಿ ಗುಡಿಯ ಇಮ್ಮಡಿ ಪುಲಕೇಶಿ ಶಾಸನ, ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು. ಹಲಸಿಯ ಹಳೆ ಹೆಸರು ಪಲಾಶಿಕಾ. ಮೃಗೇಶವರ್ಮ ಅಲ್ಲಿ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟದ್ದು ಒಂದು ಪಟದಲ್ಲಿದೆ. ತಾಮ್ರಪಟ ಅಂದರೆ ಅಂದಿನ ಜಮೀನಿನ ಪತ್ರ. ತಗಡುಗಳ ಮೇಲೆ ಅಕ್ಷರ ಕೊರೆದು, ತೂತು ಹಾಕಿ ಬಳೆಯಲ್ಲಿ ಪೋಣಿಸಿ, ಬಳೆಯ ಕೂಡುವಲ್ಲಿ ರಾಜಮುದ್ರೆ ಒತ್ತುತ್ತಿದ್ದರು. ನಡುವಿನ ಒಂದು ತಗಡು ಬದಲಿಸಬೇಕಾದರೆ ಬಳೆ ಕಡಿಯಬೇಕು. ಇಂದಿನ ಡಿಜಿಟಲ್ ಸಹಿ ಮಾಡೋದೂ ಹೆಚ್ಚುಕಡಿಮೆ ಇದನ್ನೇ: ನಡುವೆ ಯಾರಾದರೂ ಕೈ ಹಾಕಿದರೆ ಗೊತ್ತಾಗಬೇಕು.

ಜಮೀನು ಇದ್ದಲ್ಲಿ ಖೊಟ್ಟಿ ಪತ್ರವೂ ಇರುತ್ತದೆ. ಹಳೆ ರಾಜನ ಹೆಸರಲ್ಲಿ ನೂರಾರು ವರ್ಷದ ನಂತರ ಕೊರೆದ ಪಟಗಳು ಬೇಕಾದಷ್ಟಿದ್ದವು. ಗದಗದ ಹತ್ತಿರದ ಕುರ್ತಕೋಟಿಯ ಪಟವನ್ನೇ ನೋಡಿ. ಬಾದಾಮಿ ಚಾಲುಕ್ಯರ ಒಂದನೇ ವಿಕ್ರಮಾದಿತ್ಯ ಕೊಟ್ಟದ್ದು ಅಂತ ಅದು ಹೇಳುತ್ತದೆ. ಅದರಲ್ಲಿರುವ ಕಾಲ ಕ್ರಿ.ಶ. 610ರ ಆಸುಪಾಸಿನದು. ಆದರೆ ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 655ರ ಸುಮಾರಿಗೆ. ಮೇಲಾಗಿ ಲಿಪಿ ಇನ್ನೂ ಈಚಿನದು. ಯೂಸರ್ ಅಕೌಂಟ್ ತೆರೆಯೋದಕ್ಕೆ ನಲವತ್ತೈದು ವರ್ಷ ಮೊದಲೇ ಅವನ ಹೆಸರಲ್ಲಿ ಫೈಲ್ ಸೇವ್ ಆದಂತೆ! ಫ್ಲೀಟ್ ಅದನ್ನು ಕೂಟ ಶಾಸನ ಎಂದು ತೀರ್ಮಾನಿಸಿದರು. 1901ರಲ್ಲಿ ಇಂಥ ಖೊಟ್ಟಿ ಶಾಸನಗಳ ಒಂದು ಪಟ್ಟಿಯನ್ನೇ ಪ್ರಕಟಿಸಿದರು.

ಅವರ ಪದ್ಧತಿ ನಮಗೆ ಬೇಕಾದ ಪಾಠ. ಮೊದಲನೆಯದು, ಮೂಲ ಕೆಡಬಾರದು, ನಕಲು ಮೂಲದಂತೆಯೇ ಇರಬೇಕು. ಅವರಿಗಿಂತ ಮುಂಚೆ ಕಾರಕೂನರು ಕಣ್ಣಿಂದ ನೋಡಿ ಕೈಯಿಂದ ಬರೆದುಕೊಂಡ ಪ್ರತಿಗಳಿದ್ದವು. ಬರೆಯುವವನು ತಿಳಿಯದ ಅಕ್ಷರವನ್ನು ತನಗೆ ತಿಳಿದಂತೆ ತಿದ್ದಿಬಿಡುತ್ತಿದ್ದ. ಫ್ಲೀಟ್ ಅಚ್ಚು ತೆಗೆಸಿದರು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಆ ಅಚ್ಚಿನ ಚಿತ್ರವನ್ನೇ ತಮ್ಮ ಓದಿನ ಜೊತೆ ಪ್ರಕಟಿಸುತ್ತಿದ್ದರು, ಬೇರೆಯವರು ತಾಳೆ ನೋಡಲಿ ಅಂತ. ಇಂದು ಹಾರ್ಡ್ ಡಿಸ್ಕ್ ಸಿಕ್ಕಾಗ ರೈಟ್ ಬ್ಲಾಕರ್ ಹಾಕಿ ಇಮೇಜ್ ತೆಗೆದು, ಹ್ಯಾಶ್ ಬರೆದಿಟ್ಟುಕೊಂಡು, ಇಮೇಜ್ ಮೇಲಷ್ಟೇ ಕೆಲಸ ಮಾಡೋದೂ ಇದೇ ಕಾರಣಕ್ಕೆ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬೆಲೆಯನ್ನು ನಮೂದಿಸಬೇಕು.

ಎರಡನೆಯದು, ಕಾಲದ ಲೆಕ್ಕ. 1883ರಲ್ಲಿ ಸರಕಾರ ಅವರನ್ನು ಭಾರತದ ಶಾಸನತಜ್ಞರನ್ನಾಗಿ ನೇಮಿಸಿ, ಗುಪ್ತ ರಾಜರ ಶಾಸನಗಳ ಕೆಲಸ ಒಪ್ಪಿಸಿತು. ಗುಪ್ತರ ಸಂವತ್ಸರ ಯಾವಾಗ ಶುರುವಾಯ್ತು ಅಂತ ವಿದ್ವಾಂಸರಲ್ಲಿ ಜಗಳ. ಕ್ರಿ.ಶ. 77 ಅಂತ ಒಬ್ಬರು, 166 ಅಂತ ಇನ್ನೊಬ್ಬರು, 190 ಅಂತ ಮತ್ತೊಬ್ಬರು. ಏರಣದ ಕಂಬದಲ್ಲಿ ವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ ಅಂತಿದೆ. ತಿಥಿ ಮತ್ತು ವಾರ ಎರಡೂ ಕೂಡಿಬರಬೇಕು. ಈ ಗಣಿತವನ್ನು ಮಾಡಿದವರು ಶಂಕರ ಬಾಲಕೃಷ್ಣ ದೀಕ್ಷಿತ, ಮರಾಠಿ ಮಾತಿನ ಶಾಲಾ ಮಾಸ್ತರರು. ಲೆಕ್ಕ ಕ್ರಿ.ಶ. 484ರ ಜೂನ್ 21, ಗುರುವಾರಕ್ಕೆ ಸರಿಯಾಗಿ ಬಿತ್ತು. ಸಂವತ್ಸರದ ಆರಂಭ 319–20 ಎಂದು ನಿಂತಿತು. 1888ರಲ್ಲಿ ಬಂದ ಫ್ಲೀಟ್‌ರ ಗ್ರಂಥದಲ್ಲಿ ದೀಕ್ಷಿತರ ಲೆಕ್ಕ ಅವರ ಹೆಸರಿನಲ್ಲೇ ಇದೆ.

ಮೂರನೆಯದು, ತನಗೆ ಹಿತವಲ್ಲದ್ದನ್ನೂ ಬಿಡದೆ ದಾಖಲಿಸೋದು. 1885ರಿಂದ ಅವರು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದಿದೆ, ಹಲಗಲಿಯ ಬೇಡರದಿದೆ, ಇನ್‌ಕಮ್ ಟ್ಯಾಕ್ಸ್ ಬಗ್ಗೆ ಜನ ಕಟ್ಟಿದ ಹಾಡೂ ಇದೆ. ಎಲ್ಲವೂ ಅವರಿಗೆ ಸಂಬಳ ಕೊಡುವ ಸರಕಾರದ ವಿರುದ್ಧದ ದನಿಗಳೇ.

ನಾಲ್ಕನೆಯದು ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ತಲಕಾಡು ಗಂಗರ ಹಳೆಯ ತಾಮ್ರಪಟಗಳು ಖೊಟ್ಟಿ ಅಂತ ಫ್ಲೀಟ್ ದಶಕಗಳ ಕಾಲ ವಾದಿಸಿದರು. ಮೈಸೂರಿನ ಬಿ.ಎಲ್. ರೈಸ್ ಒಪ್ಪಲಿಲ್ಲ. ಇಬ್ಬರ ವಾದ ಪತ್ರಿಕೆಗಳಲ್ಲಿ ಬಹಳ ವರ್ಷ ನಡೆಯಿತು. ಆಮೇಲೆ ಪೆನುಕೊಂಡೆಯ ಪಟಗಳು ಸಿಕ್ಕವು. ಅವುಗಳ ಲಿಪಿ ನೋಡಿದ ಫ್ಲೀಟ್, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಇವು ಅಸಲಿ ಎಂದು ಒಪ್ಪಿದರು. ಪುರಾವೆ ಬದಲಾದಾಗ ತೀರ್ಪೂ ಬದಲಾಯಿತು. ಫೊರೆನ್ಸಿಕ್ ವರದಿಯ ಮೇಲೆ ಒಬ್ಬನ ನೌಕರಿಯೋ ಜೈಲೋ ನಿಂತಿರುವಾಗ ಈ ಗುಣ ಇಲ್ಲದ ಪರೀಕ್ಷಕ ಅಪಾಯಕಾರಿ.

1891ರಲ್ಲಿ ಫ್ಲೀಟ್ ಬೆಳಗಾವಿ ಕೇಂದ್ರವಾಗಿದ್ದ ದಕ್ಷಿಣ ವಿಭಾಗದ ಕಮಿಷನರ್ ಆದರು. 1897ರಲ್ಲಿ ನಿವೃತ್ತಿ. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಬಾಳಲ್ಲಿ ಕೆಲಸ ಮೊದಲು ಬಂತು, ಪದವಿ ಆಮೇಲೆ.

ಹಾಗಾದ್ರೆ ಪದವಿ ಬೇಡ ಅಂತೀರಾ? ಅಲ್ಲ. ಪೊಲೀಸ್ ಲ್ಯಾಬು, ಬ್ಯಾಂಕು, ಕಂಪನಿ, ಎಲ್ಲರೂ ಇಂದು ಪದವಿ ಕೇಳ್ತಾರೆ. ಆದರೆ ಆನ್‌ಲೈನ್ ಪದವಿ ಆರಿಸುವಾಗ ಫ್ಲೀಟ್ ತಾಮ್ರಪಟ ಪರೀಕ್ಷಿಸಿದಂತೆ ಅದನ್ನೂ ಪರೀಕ್ಷಿಸಬೇಕು. ಮೊದಲು ಮುದ್ರೆ ನೋಡಿ. ಆ ವಿಶ್ವವಿದ್ಯಾಲಯದ ಅದೇ ಕೋರ್ಸು, ನೀವು ಸೇರುವ ವರ್ಷಕ್ಕೆ, ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿದೆಯಾ? ಇದ್ದರೆ ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ಹೊರದೇಶದ್ದಾದರೆ ಇಲ್ಲಿ ಸಮಾನತೆ ಸಿಗುತ್ತದೆಯೋ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಆಮೇಲೆ ಒಳಗಿನ ತಗಡುಗಳನ್ನು ನೋಡಿ. ಡಿಸ್ಕ್ ಇಮೇಜ್, ಮೊಬೈಲ್ ಡೇಟಾ, ಲಾಗ್ ಫೈಲ್ ಮೇಲೆ ಕೈಯಾರೆ ಕೆಲಸ ಮಾಡೋ ಲ್ಯಾಬ್ ಇದೆಯಾ, ಬರೀ ವಿಡಿಯೋನಾ? ನೀವು ಬರೆದ ವರದಿಯನ್ನು ತಿದ್ದುವ ಗುರು ಇದ್ದಾರಾ, ಅಥವಾ ಎಲ್ಲಾ ಎಂಸಿಕ್ಯೂ ಪ್ರಶ್ನೆಗಳಾ? ಪ್ರಬಂಧ ಇದೆಯಾ? ಈ ಪ್ರಶ್ನೆಗಳಿಗೆ ಉತ್ತರ ಇಲ್ಲ ಅಂತ ಬಂದರೆ ಆ ಪಟ ವಾಪಸ್ ಇಟ್ಟುಬಿಡಿ. ಕ್ಲಾಸಲ್ಲಿ ಕೂತೇ ಕಲೀಬೇಕು ಅನ್ನೋರಿಗೆ ಪಕ್ಕದ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಅದನ್ನೂ ವಿಚಾರಿಸಿ.

ಇನ್ನೊಂದು ಮಾತು. ಫ್ಲೀಟ್ ನೌಕರಿ ಮಾಡ್ತಾ ಕಲಿತರು, ನಿಜ. ಆದರೆ ಒಬ್ಬರೇ ಕಲಿಯಲಿಲ್ಲ. ಗಣಿತಕ್ಕೆ ದೀಕ್ಷಿತರಿದ್ದರು, ಎದುರುವಾದಕ್ಕೆ ರೈಸ್ ಇದ್ದರು, ತಪ್ಪು ಕಂಡರೆ ಬರೆದು ಹೇಳುವ ಓದುಗರಿದ್ದರು. ಆನ್‌ಲೈನ್ ಓದಿನಲ್ಲಿ ತಾನಾಗಿ ಸಿಗದಿರೋದು ಇದೇ. ಆದ್ದರಿಂದ ಒಂದೇ ಕೋರ್ಸಿಗೆ ಇಬ್ಬರು ಮೂವರು ಸೇರಿ ಸೇರಿರಿ, ಒಬ್ಬರ ವರದಿಯನ್ನು ಇನ್ನೊಬ್ಬರು ಕೆಡವಲು ನೋಡಿ.

ಫ್ಲೀಟ್ ತೀರಿಕೊಂಡದ್ದು 1917ರಲ್ಲಿ. ಅವರು ಓದಿದ ಶಾಸನಗಳನ್ನು ನಂತರದವರು ತಿದ್ದಿದ್ದಾರೆ, ಕೆಲವು ತೀರ್ಪುಗಳನ್ನು ತಳ್ಳಿಹಾಕಿದ್ದಾರೆ. ಹಾಗೆ ತಿದ್ದೋಕೆ ಸಾಧ್ಯವಾದದ್ದು, ಅವರು ಓದಿನ ಪಕ್ಕದಲ್ಲೇ ಅಚ್ಚನ್ನೂ ಇಟ್ಟುಹೋದದ್ದರಿಂದ.