ಹೆಬ್ಬಾತು ಕಾಣಲಿಲ್ಲ, ಗೀಜಗ ಸಿಕ್ಕಿತು

ಮೂರನೇ ಇಂಟರ್‌ವ್ಯೂನಲ್ಲೂ ಆಯ್ಕೆಯಾಗದೆ ಮನೆಯಲ್ಲಿ ಕೂತಿದ್ದ ದಿನಗಳವು. ನಮ್ಮೂರ ಕೆರೆಗೆ ಪಟ್ಟೆತಲೆ ಹೆಬ್ಬಾತು ಬಂದಿದೆಯಂತೆ ಎಂದು ಗೆಳೆಯ ಫೋನ್ ಮಾಡಿದ. ಹಿಮಾಲಯ ದಾಟಿ ಬರುವ ಹಕ್ಕಿ. ನಮ್ಮ ಕೆರೆಯಲ್ಲಿ ಅದನ್ನು ಕಂಡವರೇ ಇರಲಿಲ್ಲ. ಅಪ್ಪನ ಕಣ್ಣು ತಪ್ಪಿಸಲು ನನಗೂ ಒಂದು ನೆಪ ಬೇಕಿತ್ತು. ಮೂರು ದಿನ ನಸುಕಿನಲ್ಲೇ ಎದ್ದು ಕೆರೆ ಏರಿ ಮೇಲೆ ಕಾದೆ. ಹೆಬ್ಬಾತಿನ ಸುಳಿವಿಲ್ಲ. ಪಕ್ಕದ ಈಚಲು ಮರದಲ್ಲಿ ಮಾತ್ರ ಗೀಜಗನ ಹಳೆಯ ಗೂಡುಗಳು ತೂಗಾಡುತ್ತಿದ್ದವು. ಕೆಲವು ಪೂರ್ತಿಯಾಗಿದ್ದರೆ, ಕೆಲವು ಅರ್ಧಕ್ಕೇ ನಿಂತಿದ್ದವು. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಸಲೀಂ ಅಲಿ ಅವರ ಬದುಕು.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ತೀರಾ ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡರು. ಸಾಕಿದ್ದು ಸೋದರಮಾವ. ಒಮ್ಮೆ ಆಟದ ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದ್ಯಾವ ಗುಬ್ಬಿ ಎಂದು ಕೇಳಿದ ಹುಡುಗನನ್ನು ಮಾವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿ ಅಂಟಿದ ಹಕ್ಕಿಯ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

ಆದರೆ ಹುಚ್ಚು ಹೊಟ್ಟೆ ತುಂಬಿಸಬೇಕಲ್ಲ? ಅವರು ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡರು. ಅದು ಕೈ ಹತ್ತಲಿಲ್ಲ. ಝೂಲಾಜಿಕಲ್ ಸರ್ವೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇದ್ದರೂ ಡಿಗ್ರಿ ಇಲ್ಲವೆಂದು ಸಿಗಲಿಲ್ಲ. ಆಮೇಲೆ ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಉಪನ್ಯಾಸಕರಾದರು. ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಪ್ರೊ. ಸ್ಟ್ರೆಸೆಮನ್ ಬಳಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದರೆ, ದುಡ್ಡಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಆಗ ಅವರ ವಯಸ್ಸು ಮೂವತ್ತು ದಾಟಿತ್ತು.

ಕೆಲಸವಿಲ್ಲದ ಅವರು ಪತ್ನಿ ತೆಹಮಿನಾ ಜೊತೆ ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲ ಹಳ್ಳಿ ಸೇರಿದರು. ಮನೆ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಎಲ್ಲರೂ ದಿನಾ ನೋಡುವ, ಯಾರೂ ಗಮನಿಸದ ಹಕ್ಕಿ. ಅವರು ಮಳೆಗಾಲವಿಡೀ ಅದನ್ನೇ ನೋಡುತ್ತಾ ಕೂತರು. ಗಂಡು ಅರ್ಧ ಗೂಡು ನೇಯುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರಷ್ಟೇ ಉಳಿದರ್ಧ. ಆ ಗೂಡಿನಲ್ಲಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ. 1931ರಲ್ಲಿ ಪ್ರಕಟವಾದ ಈ ಅಧ್ಯಯನವೇ ಅವರಿಗೆ ಹೆಸರು ತಂದಿತು.

ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದಲೇ. ಮರುವರ್ಷ ಅವರ ಭಾರತೀಯ ಪಕ್ಷಿಗಳ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ ದೊರೆಯಿತು. 1987ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು.

ಕೆರೆ ಬಳಿಯ ಆ ಅರ್ಧ ಗೂಡುಗಳು ಹೆಣ್ಣು ಒಪ್ಪದೆ ಬಿಟ್ಟವು ಎಂದು ಈಗ ಗೊತ್ತಾಗಿದೆ. ಅವುಗಳ ಪಕ್ಕದ ಪೂರ್ತಿ ಗೂಡೂ ಅದೇ ಗಂಡಿನದ್ದಿರಬಹುದು. ನನಗಿನ್ನೂ ಕೆಲಸ ಸಿಕ್ಕಿಲ್ಲ. ನಾಲ್ಕನೇ ಅರ್ಜಿ ಹಾಕಿದ್ದೇನೆ. ಮಳೆಗಾಲಕ್ಕೆ ಈಚಲು ಮರದ ಗೂಡುಗಳನ್ನು ಎಣಿಸಿ ಬರೆದಿಡಲು ಒಂದು ನೋಟ್‌ಬುಕ್ಕೂ ತಂದಿದ್ದೇನೆ. ಈ ಸಲ ಅಪ್ಪನಿಗೆ ಹೇಳಿಯೇ ಹೋಗುತ್ತೇನೆ.