ಹೆರ್ಮನ್ ಮೊಗ್ಲಿಂಗರು

ಜರ್ಮನಿಯಲ್ಲಿ 1811ರಲ್ಲಿ ಜನಿಸಿದ ಹೆರ್ಮನ್ ಮೊಗ್ಲಿಂಗರು 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಅಂದು ನಮ್ಮ ಕಾಸರಗೋಡೂ ಅದೇ ಜಿಲ್ಲೆಗೆ ಸೇರಿತ್ತು. 1843ರಲ್ಲಿ ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ಅದನ್ನಷ್ಟೇ ನೆನೆದು ನಾವು ಸುಮ್ಮನಾಗುವುದು ರೂಢಿ.

1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ಕ್ರೈಸ್ತರಾದಾಗ ಊರಿನಲ್ಲಿ ಕೋಲಾಹಲವೆದ್ದಿತು. ಬಂಧುಬಳಗದಿಂದ ದೂರವಾದ ಅವರಿಗೆ ಮೊಗ್ಲಿಂಗರೇ ಆಸರೆಯಾದರು. 1846ರಲ್ಲಿ ತಮ್ಮೊಡನೆ ಯೂರೋಪಿಗೆ ಕರೆದೊಯ್ದು ಓದಿಸಿದರು. ಮೊಗ್ಲಿಂಗರಿಗೂ ಆಸರೆ ಬೇಕಿತ್ತು. ಪ್ರಾಚೀನ ಕನ್ನಡ ಕಾವ್ಯಗಳ ಮುದ್ರಣಕ್ಕೆ ಹಣವೊದಗಿಸಿದವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಕೆಲಸಕ್ಕೆ ಹೆಗಲು ಕೊಟ್ಟವರು ಸೋದರಸಂಬಂಧಿ ವೈಗಲ್.

ಮುಂದೆ ಕೊಡಗಿನಲ್ಲಿ, ಜೀತದಿಂದ ಬಿಡುಗಡೆ ಬಯಸಿ ಕ್ರೈಸ್ತರಾದ ಬಡವರಿಗೆ ಮೊಗ್ಲಿಂಗರು ನೆಲೆಯೊಂದನ್ನು ಕಟ್ಟಿಕೊಟ್ಟರು. 1860ರಲ್ಲಿ ಸ್ವದೇಶಕ್ಕೆ ಮರಳಿ 1881ರಲ್ಲಿ ಕಾಲವಾದರು. ಆ ನೆಲೆಗೆ ಅವರ ಹೆಸರಿಲ್ಲ; ಶಿಷ್ಯ ಆನಂದರಾಯರ ಹೆಸರಿನಿಂದ ಅದು ಆನಂದಪುರ.