ಕುಶಲಕರ್ಮಿಗಳ ಬಂಧು ಜಾನ್ ಲಾಕ್‌ವುಡ್ ಕಿಪ್ಲಿಂಗ್

ಮೋಗ್ಲಿಯ ಕಥೆಯನ್ನು ಕೇಳದ ಮಕ್ಕಳು ವಿರಳ. ಅದನ್ನು ಬರೆದ ರಡ್ಯಾರ್ಡ್ ಕಿಪ್ಲಿಂಗರ ಕೀರ್ತಿಯ ಮರೆಯಲ್ಲಿ ಅವರ ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗರ ಹೆಸರು ಮಸುಕಾಗಿದೆ. ಕಲಾವಿದರಾಗಿ, ವಸ್ತುಸಂಗ್ರಹಾಲಯದ ಪಾಲಕರಾಗಿ ಅವರು ಸಲ್ಲಿಸಿದ ಸೇವೆ ಮಾತ್ರ ಸ್ಮರಣೀಯವಾದುದು.

ಅವರು 1837ರಲ್ಲಿ ಇಂಗ್ಲೆಂಡಿನ ಪಿಕರಿಂಗ್ ಎಂಬ ಊರಿನಲ್ಲಿ ಮೆಥಡಿಸ್ಟ್ ಬೋಧಕರೊಬ್ಬರ ಮಗನಾಗಿ ಜನಿಸಿದರು. ಸ್ಟಾಫರ್ಡ್‌ಷೈರಿನ ಕುಂಭಕಲೆಯ ಕಾರ್ಖಾನೆಯಲ್ಲಿ ಕೆಲಸ ಕಲಿತು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಅಲಂಕರಣ ಕಾರ್ಯದಲ್ಲಿ ದುಡಿದರು. 1865ರಲ್ಲಿ ಆಲಿಸ್ ಮ್ಯಾಕ್‌ಡೊನಾಲ್ಡರನ್ನು ವಿವಾಹವಾಗಿ, ಅದೇ ವರ್ಷ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಶಿಲ್ಪಕಲೆಯ ಅಧ್ಯಾಪಕರಾಗಿ ಬಂದರು. ಅಲ್ಲಿನ ಕ್ರಾಫರ್ಡ್ ಮಾರುಕಟ್ಟೆಯ ಉಬ್ಬುಶಿಲ್ಪಗಳು ಅವರ ಕೈಚಳಕಕ್ಕೆ ಸಾಕ್ಷಿಯಾಗಿವೆ.

ಈ ಬಾಳಿನಲ್ಲಿ ನೋವಿನ ಅಧ್ಯಾಯವೂ ಒಂದುಂಟು. ಇಲ್ಲಿನ ಹವೆಗೂ ರೋಗರುಜಿನಗಳಿಗೂ ಅಂಜಿ ಮಕ್ಕಳನ್ನು ತಾಯ್ನಾಡಿಗೆ ಕಳುಹಿಸುವುದು ಅಂದಿನ ಆಂಗ್ಲರ ರೂಢಿ. 1871ರಲ್ಲಿ ಆರು ವರ್ಷವೂ ತುಂಬದ ರಡ್ಯಾರ್ಡನನ್ನೂ ಮೂರು ವರ್ಷದ ತಂಗಿಯನ್ನೂ ಸೌತ್‌ಸೀ ಎಂಬಲ್ಲಿ ಅನ್ಯರ ಮನೆಯಲ್ಲಿ ಬಿಟ್ಟು ದಂಪತಿಗಳು ಮರಳಿದರು. ಹುಡುಗನು ಅಲ್ಲಿ ಪಟ್ಟ ಕಷ್ಟವನ್ನು ಕೊನೆಯವರೆಗೂ ಮರೆಯಲಿಲ್ಲ. 1882ರಲ್ಲಿ ಮಗನು ಪತ್ರಿಕಾ ವೃತ್ತಿಗಾಗಿ ಲಾಹೋರಿಗೆ ಬಂದಾಗಲೇ ತಂದೆಗೆ ಅವನೊಡನೆ ಒಂದೇ ಮನೆಯಲ್ಲಿ ಬಾಳುವ ಭಾಗ್ಯ ಒದಗಿತು.

1875ರಿಂದ 1893ರವರೆಗೆ ಅವರು ಲಾಹೋರಿನ ಮೇಯೋ ಕಲಾಶಾಲೆಯ ಪ್ರಾಂಶುಪಾಲರೂ ವಸ್ತುಸಂಗ್ರಹಾಲಯದ ಪಾಲಕರೂ ಆಗಿದ್ದರು. ಯಂತ್ರದ ಸರಕು ಕೈಕಸುಬನ್ನು ನುಂಗುತ್ತಿದ್ದ ಕಾಲವದು. ವಿದ್ಯಾರ್ಥಿಗಳು ಪಾಶ್ಚಾತ್ಯ ಮಾದರಿಗಳನ್ನು ನಕಲು ಮಾಡುವುದಕ್ಕಿಂತ ತಮ್ಮ ನಾಡಿನ ಮರಗೆತ್ತನೆ, ಲೋಹಕಾರ್ಯ, ನೇಯ್ಗೆಗಳನ್ನೇ ಅಭ್ಯಸಿಸಬೇಕೆಂಬುದು ಅವರ ನಿಲುವಾಗಿತ್ತು. 1884ರಲ್ಲಿ ಆರಂಭವಾದ ಭಾರತೀಯ ಕಲೆಯ ಪತ್ರಿಕೆಯ ಮೂಲಕ ಈ ಕಸುಬುಗಳನ್ನು ಲೋಕಕ್ಕೆ ಪರಿಚಯಿಸಿದರು. ಅವರ ಶಿಷ್ಯ ಭಾಯಿ ರಾಮ್ ಸಿಂಗ್ ಬಡಗಿಗಳ ವಂಶದವರು. ಗುರುಶಿಷ್ಯರು ಕೂಡಿ ರೂಪಿಸಿದ ದರ್ಬಾರ್ ಸಭಾಂಗಣವು ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಅರಮನೆಯನ್ನು ಅಲಂಕರಿಸಿತು. ಮುಂದೆ ಆ ಶಿಷ್ಯರೇ ಮೇಯೋ ಶಾಲೆಯ ಪ್ರಾಂಶುಪಾಲರಾದರು.

1901ರಲ್ಲಿ ಪ್ರಕಟವಾದ ಮಗನ 'ಕಿಮ್' ಕಾದಂಬರಿಗೆ ತಂದೆಯು ಉಬ್ಬುಶಿಲ್ಪಗಳನ್ನು ರಚಿಸಿ ಚಿತ್ರಗಳನ್ನು ಒದಗಿಸಿದರು. ಆ ಕೃತಿಯ ಆರಂಭದಲ್ಲಿ ಟಿಬೆಟಿನ ಲಾಮಾ ಒಬ್ಬರನ್ನು ಆದರದಿಂದ ಬರಮಾಡಿಕೊಳ್ಳುವ ವಸ್ತುಸಂಗ್ರಹಾಲಯದ ಪಾಲಕರು ಬೇರಾರೂ ಅಲ್ಲ, ಲಾಕ್‌ವುಡ್ಡರ ಪ್ರತಿರೂಪವೇ. ಬಾಲ್ಯದಲ್ಲಿ ದೂರವಾಗಿದ್ದ ಮಗನು ತಂದೆಗೆ ಸಲ್ಲಿಸಿದ ಗೌರವವದು.

ಪತ್ನಿಯನ್ನು ಕಳೆದುಕೊಂಡ ಕೆಲವೇ ತಿಂಗಳಲ್ಲಿ, 1911ರ ಜನವರಿಯಲ್ಲಿ, ಅವರು ಇಂಗ್ಲೆಂಡಿನಲ್ಲಿ ನಿಧನರಾದರು. ಹೆಸರು ಕೆತ್ತಿಕೊಳ್ಳದ ಕೈಗಳ ಕೆಲಸಕ್ಕೆ ಬೆಲೆಯುಂಟೆಂದು ತೋರಿಸಿಕೊಟ್ಟದ್ದೇ ಅವರ ಬಾಳಿನ ಸಾರ್ಥಕತೆ.